9,800 ಡಾಲರ್, ಮೂರು ಕಂತು

ಹೋದ ವಾರ ಸಕಲೇಶಪುರದ ಕಡೆಯಿಂದ ಒಬ್ಬ ಹುಡುಗ ನಮ್ಮ ಯೂನಿಟ್‌ಗೆ ಬಂದಿದ್ದ. ಕಾಳುಮೆಣಸು ಗ್ರೇಡ್ ಮಾಡುವ ಮಿಷನ್ ಚೀನಾದಿಂದ ತರಿಸಬೇಕಂತೆ. ಮೊಬೈಲ್‌ನಲ್ಲಿ ಪ್ರೊಫಾರ್ಮಾ ಇನ್ವಾಯ್ಸ್ ತೋರಿಸಿದ. ಮಾರುವವರು ಬೆಲೆ, ಷರತ್ತು ಮೊದಲೇ ಬರೆದು ಕೊಡುವ ಬಿಲ್ ಅದು, ಪಿ.ಐ. ಅಂತಾರೆ. ನಾನು ಬೆಲೆ ನೋಡಲಿಲ್ಲ, ಮಿಷನ್ ಫೋಟೋನೂ ನೋಡಲಿಲ್ಲ. ಸೀದಾ ಕೆಳಗಿದ್ದ ಬ್ಯಾಂಕ್ ವಿವರಕ್ಕೆ ಹೋದೆ. ಮೇಲೆ ದೊಡ್ಡದಾಗಿ ಕಂಪನಿಯ ಹೆಸರಿತ್ತು. ಕೆಳಗೆ ಹಣ ಪಡೆಯುವವರ ಜಾಗದಲ್ಲಿ ಒಬ್ಬ ಮನುಷ್ಯನ ಹೆಸರಿತ್ತು.

"ಶುಕ್ರವಾರದೊಳಗೆ ಪೂರ್ತಿ ದುಡ್ಡು ಕಳಿಸಿದರೆ ಐದು ಪರ್ಸೆಂಟ್ ಕಮ್ಮಿ ಮಾಡ್ತಾರಂತೆ ಅಕ್ಕ" ಅಂದ.

ಕಳಿಸಬೇಡಪ್ಪ ಅಂದೆ. ಕಾಫಿ ಕೊಟ್ಟು ಎರಡು ಗಂಟೆ ಕೂರಿಸಿಕೊಂಡು ಮಾತಾಡಿದೆ. ಅವನು ಹೋದ ಮೇಲೂ ಮನಸ್ಸು ಸುಮ್ಮನಿರಲಿಲ್ಲ. ಅದು ಅವನ ಅಪ್ಪ ತೋಟದ ಮೇಲೆ ತೆಗೆದ ಸಾಲದ ದುಡ್ಡು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಅವನ ಹಾಗೆ ಇನ್ನೂ ಯಾರಾದರೂ ಇರಬಹುದು ಅಂತ.

ನಮ್ಮದು ಚಿಕ್ಕಮಗಳೂರಿನ ಅಂಬಳೆ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಯೂನಿಟ್. ಆಲ್ದೂರಿನ ಹತ್ತಿರ ಮಾವನ ತೋಟ ಇದೆ. ಅಲ್ಲಿಯ ಕಾಫಿ ಮತ್ತು ಅಕ್ಕಪಕ್ಕದ ನಾಲ್ಕೈದು ತೋಟದವರ ಕಾಫಿ ತಂದು ಹುರಿದು, ಪುಡಿ ಮಾಡಿ, ಪ್ಯಾಕ್ ಮಾಡಿ ಮಾರುತ್ತೇವೆ. 2024ರಲ್ಲಿ ಡ್ರಿಪ್ ಬ್ಯಾಗ್ ಶುರು ಮಾಡಬೇಕು ಅನ್ನಿಸಿತು. ಹತ್ತು ಗ್ರಾಂ ಪುಡಿ ತುಂಬಿದ ಸಣ್ಣ ಫಿಲ್ಟರ್ ಚೀಲ ಅದು. ಎರಡು ಕಿವಿಗಳನ್ನು ಲೋಟದ ಬಾಯಿಗೆ ಸಿಕ್ಕಿಸಿ ಮೇಲಿಂದ ಬಿಸಿನೀರು ಹೊಯ್ದರೆ ಒಂದು ಲೋಟ ಕಾಫಿ ಇಳಿಯುತ್ತದೆ. ಅದನ್ನು ತುಂಬಿ ಸೀಲ್ ಮಾಡುವ ಮಿಷನ್‌ಗೆ ಚೀನಾದ ಝೆಜಿಯಾಂಗ್ ಪ್ರಾಂತ್ಯದ ಒಂದು ಕಾರ್ಖಾನೆ 9,800 ಡಾಲರ್ ಹೇಳಿತು. ಆಗ ಡಾಲರಿಗೆ 83 ರೂಪಾಯಿ ಚಿಲ್ಲರೆ. ಎಂಟು ಲಕ್ಷದ ಮೇಲಾಯಿತು. ಎರಡು ವರ್ಷದ ಉಳಿತಾಯ ಅದು.

ಅವರ ಷರತ್ತು 30 ಪರ್ಸೆಂಟ್ ಅಡ್ವಾನ್ಸ್, ಉಳಿದ 70 ಪರ್ಸೆಂಟ್ ಮಿಷನ್ ರೆಡಿಯಾದ ಮೇಲೆ, ಆದರೆ ಹಡಗಿಗೆ ಹಾಕುವ ಮೊದಲೇ. ಬಹಳ ಕಾರ್ಖಾನೆಗಳು ಇದನ್ನೇ ಕೇಳುತ್ತವೆ. ಊಟದ ಹೊತ್ತಿನಲ್ಲಿ ಮಾವನಿಗೆ ಹೇಳಿದೆ.

ಮಾವ ಅನ್ನ ಕಲಸುವುದನ್ನು ನಿಲ್ಲಿಸಿ, "ಆ ಮೇಸ್ತ್ರಿ ಕತೆ ಮರೆತ್ಯೇನಮ್ಮ?" ಅಂದರು.

ಮರೆತಿರಲಿಲ್ಲ. ಒಂದು ವರ್ಷ ಹಣ್ಣು ಕೊಯ್ಯಲು ನಲವತ್ತು ಜನ ಕರೆದುಕೊಂಡು ಬರುತ್ತೇನೆ ಅಂತ ಒಬ್ಬ ಮೇಸ್ತ್ರಿ ಅಡ್ವಾನ್ಸ್ ಪೂರ್ತಿ ಇಸಕೊಂಡು ಹೋದ. ಡಿಸೆಂಬರ್ ಬಂತು. ಗಿಡದಲ್ಲಿ ಹಣ್ಣು ಕಪ್ಪಾಗಿ ಉದುರುತ್ತಿತ್ತು. ಮೇಸ್ತ್ರಿಯ ಫೋನ್ ಸ್ವಿಚ್ ಆಫ್. ಅವತ್ತಿನಿಂದ ಮಾವನದು ಒಂದೇ ಲೆಕ್ಕ. ಮಾತಾದಾಗ ಸ್ವಲ್ಪ, ಜನ ಗಾಡಿ ಹತ್ತಿದ ಮೇಲೆ ಸ್ವಲ್ಪ, ತೋಟದ ಕೆಲಸದವರ ಲೈನ್ ಮನೆಗೆ ಬಂದಿಳಿದ ಮೇಲೆ ಉಳಿದದ್ದು. "ಅವನ ಕೈಗೆ ಬರೋದು ಇನ್ನೂ ನಿನ್ನ ಕೈಯಲ್ಲಿರಬೇಕು. ಆಗ ಫೋನ್ ಎತ್ತುತ್ತಾನೆ" ಅಂದರು. ಪರದೇಶದ ಕಾರ್ಖಾನೆಗೂ ಇದೇ ಲೆಕ್ಕ ಸರಿಯಾಗಿ ಕೂತಿತು.

ದುಡ್ಡಿನ ಮಾತಿಗಿಂತ ಮುಂಚೆ ಎದುರಿನವರು ಯಾರು ಅಂತ ನೋಡಬೇಕಲ್ವಾ. ಚೀನಾದಲ್ಲಿ ಕಂಪನಿಯ ಇಂಗ್ಲಿಷ್ ಹೆಸರಿಗೆ ಕಾನೂನಿನ ಬೆಲೆ ಇಲ್ಲ. ನೋಂದಣಿ ಆಗಿರುವುದು ಚೀನೀ ಹೆಸರು. ಅದಕ್ಕೇ ಬಿಸಿನೆಸ್ ಲೈಸೆನ್ಸ್ ಕೇಳಿದೆ. ಅದರಲ್ಲಿ 18 ಅಂಕಿ ಅಕ್ಷರಗಳ ಒಂದು ಕೋಡ್ ಇರುತ್ತದೆ, ನಮ್ಮ ಜಿಎಸ್‌ಟಿ ನಂಬರ್ ಇದ್ದ ಹಾಗೆ. ಚೀನಾ ಸರ್ಕಾರದ ಕಂಪನಿ ಮಾಹಿತಿಯ ವೆಬ್‌ಸೈಟ್‌ನಲ್ಲಿ ಆ ಕೋಡ್ ಹಾಕಿ ಹುಡುಕಬಹುದು. ಎಲ್ಲ ಚೀನೀ ಭಾಷೆಯಲ್ಲಿದೆ, ಸ್ವಲ್ಪ ಕಾಟ ಕೊಡುತ್ತದೆ. ಮೊಬೈಲ್ ಕ್ಯಾಮೆರಾದ ಅನುವಾದ ಇಟ್ಟುಕೊಂಡೇ ಓದಿದೆ. ಕಂಪನಿ ಯಾವ ವರ್ಷ ಶುರುವಾಯಿತು, ಈಗಲೂ ನಡೆಯುತ್ತಿದೆಯಾ, ಯಾವ ವ್ಯವಹಾರ ಅನ್ನುವ ಕಾಲಂನಲ್ಲಿ ತಯಾರಿಕೆ ಅಂತ ಇದೆಯಾ, ಬರೀ ವ್ಯಾಪಾರ ಅಂತ ಇದೆಯಾ, ಅಷ್ಟು ಸಿಕ್ಕಿತು. ವ್ಯಾಪಾರದ ಕಂಪನಿ ಅಂದ ತಕ್ಷಣ ಮೋಸ ಅಂತ ಅಲ್ಲ. ಆದರೆ ಕಾರ್ಖಾನೆ ನಮ್ಮದೇ ಅಂತ ಹೇಳಿಕೊಂಡು ವ್ಯಾಪಾರ ಮಾಡುತ್ತಿದ್ದರೆ ಅಲ್ಲೇ ಒಂದು ಸುಳ್ಳು ಸಿಕ್ಕ ಹಾಗೆ.

ಆಮೇಲೆ ವಿಡಿಯೋ ಕಾಲ್. ಗೇಟಿನ ಬೋರ್ಡಿನಿಂದ ಶುರು ಮಾಡಿ, ಕಾಲ್ ಕಟ್ ಮಾಡದೆ ಮಿಷನ್ ಜೋಡಿಸುವ ಜಾಗದವರೆಗೆ ನಡೆದು ತೋರಿಸಿ ಅಂತ ಕೇಳಿಕೊಂಡೆ. ಸೇಲ್ಸ್ ಹುಡುಗಿ ಬೇಜಾರಿಲ್ಲದೆ ತೋರಿಸಿದಳು. ಕೊಯಮತ್ತೂರಿನಲ್ಲಿ ಅವರ ಮಿಷನ್ ತಗೊಂಡವರ ನಂಬರ್ ಕೊಟ್ಟಳು. ಅವರ ಹತ್ತಿರ ಅರ್ಧ ಗಂಟೆ ಮಾತಾಡಿದೆ.

ಎಲ್.ಸಿ. ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನೂ ಅದೇ ಸೇಫ್ ಅಂದುಕೊಂಡಿದ್ದೆ. ಲೆಟರ್ ಆಫ್ ಕ್ರೆಡಿಟ್ ಅಂದರೆ ಸರಿಯಾದ ಕಾಗದ ಬಂದರೆ ನಾವು ದುಡ್ಡು ಕೊಡುತ್ತೇವೆ ಅಂತ ನಮ್ಮ ಬ್ಯಾಂಕ್ ಕೊಡುವ ಮಾತು. ಇಲ್ಲಿ ತಿಳಿಯಬೇಕಾದ ಪದ ಕಾಗದ. ಇದಕ್ಕೆ ಜಗತ್ತಿಗೆಲ್ಲ ಒಂದೇ ನಿಯಮ ಇದೆ, ಯುಸಿಪಿ 600 ಅಂತ, 2007ರಿಂದ ಜಾರಿಯಲ್ಲಿದೆ. ಬ್ಯಾಂಕ್ ನೋಡುವುದು ದಾಖಲೆಗಳನ್ನು, ಮಾಲನ್ನಲ್ಲ ಅಂತ ಅದರ 5ನೇ ವಿಧಿಯೇ ಹೇಳುತ್ತದೆ. ಪೆಟ್ಟಿಗೆಯಲ್ಲಿ ಹಳೇ ಮಿಷನ್ ಇಟ್ಟಿದ್ದರೂ ಕಾಗದ ಸರಿಯಿದ್ದರೆ ದುಡ್ಡು ಹೋಗುತ್ತದೆ. ಅದಕ್ಕೇ ಎಲ್.ಸಿ. ಮಾಡುವವರು ಇನ್ಸ್‌ಪೆಕ್ಷನ್ ಸರ್ಟಿಫಿಕೇಟನ್ನೂ ಬೇಕಾದ ದಾಖಲೆಗಳ ಪಟ್ಟಿಗೆ ಸೇರಿಸುತ್ತಾರೆ. ನನ್ನ ವಿಷಯದಲ್ಲಿ ಬ್ಯಾಂಕ್ ಅಷ್ಟೂ ಮೊತ್ತಕ್ಕೆ ಎಫ್.ಡಿ. ಇಡಿ ಅಂದಿತು. ಎರಡೂ ಕಡೆಯ ಚಾರ್ಜ್ ಬೇರೆ. ಕಾರ್ಖಾನೆಯವರೂ ಇಷ್ಟು ಸಣ್ಣ ಆರ್ಡರ್‌ಗೆ ಎಲ್.ಸಿ. ಬೇಡ ಅಂದರು. ಅರ್ಧ ಕೋಟಿಯ ಆರ್ಡರ್ ಆಗಿದ್ದರೆ ನಾನು ಬಿಡುತ್ತಿರಲಿಲ್ಲ.

ಉಳಿದದ್ದು ಟಿ.ಟಿ., ಬ್ಯಾಂಕಿನಿಂದ ಬ್ಯಾಂಕಿಗೆ ನೇರ ಹಣ. ಹಾಗಾದರೆ ಕಂತನ್ನು ಬದಲಾಯಿಸಿ ಅಂತ ಪಟ್ಟು ಹಿಡಿದೆ. ಹತ್ತು ದಿನ ಮೇಲ್ ಹೋಗಿ ಬಂದು ಕೊನೆಗೆ ಒಪ್ಪಿದ್ದು ಹೀಗೆ. 30 ಪರ್ಸೆಂಟ್ ಆರ್ಡರ್ ಜೊತೆ, ಅಂದರೆ 2,940 ಡಾಲರ್. 50 ಪರ್ಸೆಂಟ್, 4,900 ಡಾಲರ್, ನಮ್ಮ ಕಡೆಯ ಇನ್ಸ್‌ಪೆಕ್ಟರ್ ನೋಡಿ ಸರಿ ಅಂದ ಮೇಲೆ. ಉಳಿದ 1,960 ಡಾಲರ್ ಹಡಗಿಗೆ ಹಾಕಿದ ಮೇಲೆ ಬಿಲ್ ಆಫ್ ಲೇಡಿಂಗ್, ಅಂದರೆ ಮಾಲು ಹತ್ತಿತು ಅಂತ ಹಡಗಿನವರು ಕೊಡುವ ರಸೀದಿಯ (ಬಿ.ಎಲ್.) ಕಾಪಿ ಬಂದಾಗ. ಮಿಷನ್ ಇಲ್ಲಿ ಓಡಿದ ಮೇಲೆ ಹತ್ತು ಪರ್ಸೆಂಟ್ ಕೊಡುತ್ತೇನೆ ಅಂತಲೂ ಕೇಳಿದ್ದೆ. ಮೊದಲ ಆರ್ಡರ್‌ಗೆ ಆಗಲ್ಲ ಅಂದರು. ಸರಿ ಅಂದೆ.

ಈ ಮಾತೆಲ್ಲ ಮೇಲ್‌ನಲ್ಲಿದ್ದರೆ ಸಾಲದು. ಪಿ.ಐ. ಅಲ್ಲೇ ಬರೆಸಬೇಕು. ಮಿಷನ್ ಮಾಡೆಲ್, ವೋಲ್ಟೇಜ್, ನೈಟ್ರೋಜನ್ ತುಂಬುವ ಭಾಗ ಸೇರಿ, ಗಂಟೆಗೆ ಎಷ್ಟು ಚೀಲ, ಜೊತೆಗೆ ಬರುವ ಬಿಡಿಭಾಗ, ಎಲ್ಲ ಒಂದೊಂದು ಸಾಲು. ಮರದ ಪೆಟ್ಟಿಗೆಗೆ ಹುಳ ಸಾಯುವ ಹಾಗೆ ಶಾಖ ಕೊಟ್ಟಿದೆ ಅಂತ ತೋರಿಸುವ ಐಎಸ್‌ಪಿಎಂ 15 ಮುದ್ರೆ ಇರಬೇಕು ಅಂತಲೂ ಬರೆಸಿದೆ. ಅದಿಲ್ಲದಿದ್ದರೆ ಬಂದರಿನಲ್ಲಿ ತೊಂದರೆ.

ಇಲ್ಲಿ ಅವರೇ ಒಂದು ಮಾತು ಹೇಳಿದರು. ಇನ್ವಾಯ್ಸ್‌ನಲ್ಲಿ 5,000 ಡಾಲರ್ ಅಂತ ಹಾಕಿಕೊಡುತ್ತೇವೆ, ನಿಮಗೆ ಡ್ಯೂಟಿ ಉಳಿಯುತ್ತದೆ ಅಂತ. ಒಪ್ಪಬೇಡಿ. ಅದು ಕಸ್ಟಮ್ಸ್‌ನಲ್ಲಿ ಅಪರಾಧ. ಬ್ಯಾಂಕಿನಿಂದ ಹೋದ ಮೊತ್ತಕ್ಕೂ ಬಂದರಿನ ಕಾಗದಕ್ಕೂ ತಾಳೆ ಬೀಳಲ್ಲ. ನಾಳೆ ಜಗಳ ಬಂದರೆ ನಮ್ಮ ಕೈಯಲ್ಲಿರುವ ಒಂದೇ ಸಾಕ್ಷಿ ಆ ಇನ್ವಾಯ್ಸ್, ಅದೇ ಸುಳ್ಳಾಗಿರುತ್ತದೆ.

ಬ್ಯಾಂಕಿನ ಕೆಲಸಕ್ಕೆ ಟೈಮ್ ಇಟ್ಟುಕೊಳ್ಳಿ. ಆಮದು ರಫ್ತು ಮಾಡುವವರಿಗೆ ಬೇಕಾದ ಐ.ಇ.ಸಿ. ನಂಬರ್ ಮೊದಲೇ ಮಾಡಿಸಿದ್ದೆ, ಕೇಂದ್ರದ ವಿದೇಶ ವ್ಯಾಪಾರ ಇಲಾಖೆ ಡಿಜಿಎಫ್‌ಟಿ ವೆಬ್‌ಸೈಟ್‌ನಲ್ಲಿ 500 ರೂಪಾಯಿ ಫೀಸು. ಆದರೆ ನಮ್ಮ ಬ್ರಾಂಚ್‌ನಲ್ಲಿ ಫಾರೆಕ್ಸ್ ಇಲ್ಲ. ಫೈಲ್ ಬೆಂಗಳೂರಿಗೆ ಹೋಗುತ್ತದೆ, ಅಲ್ಲಿಂದ ಪ್ರಶ್ನೆ ಬರುತ್ತದೆ, ಉತ್ತರ ಕೊಟ್ಟರೆ ಇನ್ನೊಂದು ಪ್ರಶ್ನೆ. ಮೊದಲ ಕಂತು ಹೋಗಲು ನಾಲ್ಕು ದಿನ ಹಿಡಿಯಿತು. ಕೌಂಟರ್‌ನಲ್ಲಿ ಹೇಳಿದ ರೇಟ್ ಮಾರುಕಟ್ಟೆಗಿಂತ ಡಾಲರಿಗೆ 60 ಪೈಸೆ ಮೇಲಿತ್ತು. 9,800 ಡಾಲರಿಗೆ ಅದು 5,880 ರೂಪಾಯಿ. ಕಡಿಮೆ ಮಾಡಿ ಅಂತ ಮ್ಯಾನೇಜರ್‌ಗೆ ಪತ್ರ ಕೊಟ್ಟೆ, ಅರ್ಧಕ್ಕೆ ಇಳಿಸಿದರು. ಕೇಳದಿದ್ದರೆ ಯಾರೂ ಇಳಿಸುವುದಿಲ್ಲ. ಇನ್ನೊಂದು, ಚಾರ್ಜ್ ಯಾರದು ಅಂತ ಫಾರ್ಮ್‌ನಲ್ಲಿ ಕೇಳುತ್ತಾರೆ. ನಾನು ಹಂಚಿಕೊಳ್ಳುವುದು ಅಂತ ಗುರುತು ಮಾಡಿದೆ. ಮಧ್ಯದ ಬ್ಯಾಂಕ್ 25 ಡಾಲರ್ ಹಿಡಿದುಕೊಂಡಿತು, ಅವರಿಗೆ 2,915 ಮುಟ್ಟಿತು, ಅದಕ್ಕೊಂದು ತಕರಾರು. ಮುಂದಿನ ಸಲದಿಂದ ಎಲ್ಲ ಚಾರ್ಜ್ ನಮ್ಮದೇ ಅಂತ ಹಾಕಿದೆ.

ಬ್ಯಾಂಕಿನವರು ಇಷ್ಟೊಂದು ಕಾಗದ ಕೇಳುತ್ತಾರಲ್ಲ, ಮೋಸ ಇದ್ದರೆ ಅವರೇ ಹಿಡಿಯುತ್ತಾರೆ ಅಂತ ಅಂದುಕೊಳ್ಳಬೇಡಿ. ಅವರು ನೋಡುವುದು ಫೆಮಾ, ಅಂದರೆ ವಿದೇಶಿ ವಿನಿಮಯ ಕಾನೂನಿನ ನಿಯಮ. ನಾನು ಕಳಿಸಿದಾಗ ಎರಡು ಲಕ್ಷ ಡಾಲರ್‌ವರೆಗಿನ ಅಡ್ವಾನ್ಸ್‌ಗೆ ಆ ಕಡೆಯಿಂದ ಬ್ಯಾಂಕ್ ಗ್ಯಾರಂಟಿ ಬೇಕು ಅಂತಲೂ ಇರಲಿಲ್ಲ. ನಮ್ಮಂಥ ಸಣ್ಣವರ ಆರ್ಡರ್ ಎಲ್ಲ ಅದರ ಕೆಳಗೇ ಬರುತ್ತದೆ. ಕಾರ್ಖಾನೆ ನಿಜವೋ ಸುಳ್ಳೋ ನೋಡಿಕೊಳ್ಳುವುದು ಪೂರ್ತಿ ನಮ್ಮ ಕೆಲಸ.

ಆಗಸ್ಟ್‌ನಲ್ಲಿ ಮಿಷನ್ ರೆಡಿ ಅಂತ ಫೋಟೋ ಬಂತು. ಎಸ್‌ಜಿಎಸ್, ಬ್ಯೂರೋ ವೆರಿಟಾಸ್ ತರದ ಇನ್ಸ್‌ಪೆಕ್ಷನ್ ಏಜೆನ್ಸಿಗಳಿವೆ. ನಮ್ಮ ಪರವಾಗಿ ಕಾರ್ಖಾನೆಗೆ ಹೋಗಿ ನೋಡಿ ರಿಪೋರ್ಟ್ ಕೊಡುತ್ತವೆ. ಹಾಗೆ ಒಂದು ಏಜೆನ್ಸಿಯಿಂದ ಒಂದು ದಿನಕ್ಕೆ ಒಬ್ಬರನ್ನು ಕಳಿಸಿದೆ. ಟ್ಯಾಕ್ಸ್ ಸೇರಿ 26 ಸಾವಿರ ಆಯಿತು. ಮನೆಯಲ್ಲಿ ಇದು ಜಾಸ್ತಿ ಆಯ್ತು ಅಂದರು. ನಮ್ಮದೇ ಕಾಫಿ ಪುಡಿ ಎರಡು ಕೆಜಿ ಮೊದಲೇ ಕೊರಿಯರ್ ಮಾಡಿದ್ದೆ, ಅದನ್ನೇ ಹಾಕಿ ಓಡಿಸಬೇಕು ಅಂತ. ನೋಡಬೇಕಾದ್ದನ್ನು ನಾನೇ ಬರೆದು ಕೊಟ್ಟಿದ್ದೆ. ನೇಮ್‌ಪ್ಲೇಟಿನ ಫೋಟೋ, ಸೀರಿಯಲ್ ನಂಬರ್, ನೂರು ಚೀಲ ಸತತವಾಗಿ ತುಂಬಿ ಒಂದೊಂದರ ತೂಕ, ಸೀಲ್ ಆದ ಚೀಲ ನೀರಿನಲ್ಲಿ ಮುಳುಗಿಸಿದಾಗ ಗುಳ್ಳೆ ಬರುತ್ತದಾ.

ಅವತ್ತು ರಾತ್ರಿ 38 ಪುಟದ ರಿಪೋರ್ಟ್ ಬಂತು. ತೂಕ ಚೆನ್ನಾಗಿತ್ತು. ಗುಳ್ಳೆ ಇರಲಿಲ್ಲ. 22ನೇ ಪುಟದಲ್ಲಿ ಒಂದು ಫೋಟೋ ಇತ್ತು. ಸೀಲ್ ಮಾಡುವ ದವಡೆಯ ಮೇಲೆ ಸ್ಟೀಲ್ ತಟ್ಟೆಯಲ್ಲಿ ಎರಡು ಖಾಲಿ ತೂತು, ಒಳಗೆ ಸ್ಕ್ರೂ ಕೂರುವ ಸುತ್ತುಗೆರೆ ಹೊಳೆಯುತ್ತಿತ್ತು. ನೈಟ್ರೋಜನ್ ನಳಿಗೆ ಕೂರಬೇಕಾದ ಜಾಗ ಅದು. ನಳಿಗೆಯೇ ಇರಲಿಲ್ಲ. ನೈಟ್ರೋಜನ್ ಇಲ್ಲದೆ ಪುಡಿ ತುಂಬಿಟ್ಟರೆ ಘಮ ಬೇಗ ಹೋಗುತ್ತದೆ, ಡ್ರಿಪ್ ಬ್ಯಾಗ್ ಮಾಡಿಯೂ ವ್ಯರ್ಥ. ಪಿ.ಐ.ಯ ಆ ಸಾಲಿಗೆ ಗೆರೆ ಎಳೆದು, ಫೋಟೋ ಜೊತೆ ಕಳಿಸಿದೆ. ಮರೆತುಹೋಗಿದೆ, ಮುಂದಿನ ಸಲ ಬೇರೆಯಾಗಿ ಕಳಿಸುತ್ತೇವೆ ಅಂದರು. ಹಾಕಿ ಓಡಿಸಿ ವಿಡಿಯೋ ಕಳಿಸಿ, ಆಮೇಲೆ 4,900 ಅಂದೆ. ಆರೇ ದಿನದಲ್ಲಿ ಹಾಕಿದರು. 70 ಪರ್ಸೆಂಟ್ ಮೊದಲೇ ಕೊಟ್ಟಿದ್ದರೆ ಆ ನಳಿಗೆ ಇವತ್ತಿಗೂ ಬರುತ್ತಿತ್ತೋ ಇಲ್ಲವೋ.

ಎರಡನೇ ಕಂತು ಕಳಿಸುವ ಹಿಂದಿನ ಸಂಜೆ ಒಂದು ಮೇಲ್ ಬಂತು. ಜೋರು ಮಳೆ, ಕರೆಂಟ್ ಇರಲಿಲ್ಲ. ಮೊಬೈಲ್‌ನಲ್ಲೇ ಓದಿದೆ. ಸೇಲ್ಸ್ ಹುಡುಗಿಯ ಹೆಸರು. ಕೆಳಗೆ ನಮ್ಮಿಬ್ಬರ ಹಳೇ ಮೇಲ್‌ಗಳೆಲ್ಲ ಹಾಗೇ ಇವೆ. "ನಳಿಗೆ ಸರಿ ಮಾಡಿದ್ದೇವೆ, ಸಹಕಾರಕ್ಕೆ ವಂದನೆ. ನಮ್ಮ ಅಕೌಂಟ್ ಆಡಿಟ್‌ನಲ್ಲಿದೆ. 4,900 ಡಾಲರನ್ನು ಈ ಇನ್ನೊಂದು ಅಕೌಂಟ್‌ಗೆ ಕಳಿಸಿ. ನಾಳೆಯೇ ಕಳಿಸಿದರೆ ಈ ವಾರದ ಹಡಗು ಸಿಗುತ್ತದೆ." ಹೊಸ ಪಿ.ಐ. ಜೊತೆಗಿತ್ತು. ಅದೇ ಇನ್ವಾಯ್ಸ್ ನಂಬರ್, ಅದೇ ಕೆಂಪು ದುಂಡು ಮುದ್ರೆ.

ನನಗೆ ಅನುಮಾನವೇ ಬರಲಿಲ್ಲ. ಮೊತ್ತ ಸರಿ, ನಳಿಗೆಯ ಮಾತು ಸರಿ. ನಮ್ಮ ಹುಡುಗನಿಗೆ ಹೊಸ ಪಿ.ಐ. ಪ್ರಿಂಟ್ ಹಾಕಿಡು, ಬೆಳಿಗ್ಗೆ ಬ್ಯಾಂಕಿಗೆ ಹೋಗೋಣ ಅಂತ ಹೇಳಿಯೂ ಬಿಟ್ಟೆ.

ಬೆಳಿಗ್ಗೆ ಫೈಲ್ ಜೋಡಿಸುವಾಗ ಹಳೇ ಪಿ.ಐ., ಹೊಸ ಪಿ.ಐ. ಟೇಬಲ್ ಮೇಲೆ ಪಕ್ಕಪಕ್ಕ ಇದ್ದವು. ಹಳೆಯದರಲ್ಲಿ ಸ್ವಿಫ್ಟ್ ಕೋಡಿನ ಐದನೇ ಆರನೇ ಅಕ್ಷರ ಸಿ, ಎನ್. ಹೊಸದರಲ್ಲಿ ಪಿ, ಎಲ್. ಸ್ವಿಫ್ಟ್ ಕೋಡ್ ಅಂದರೆ ಪರದೇಶಕ್ಕೆ ಹಣ ಕಳಿಸುವಾಗ ಬ್ಯಾಂಕನ್ನು ಗುರುತಿಸುವ ಕೋಡ್. ಅದರಲ್ಲಿ ಎಂಟು ಇಲ್ಲವೇ ಹನ್ನೊಂದು ಅಕ್ಷರ ಇರುತ್ತವೆ. ಮೊದಲ ನಾಲ್ಕು ಬ್ಯಾಂಕಿಗೆ, ಆಮೇಲಿನ ಎರಡು ದೇಶಕ್ಕೆ. ಸಿ ಎನ್ ಅಂದರೆ ಚೀನಾ. ಪಿ ಎಲ್ ಅಂದರೆ ಪೋಲೆಂಡ್. ಝೆಜಿಯಾಂಗ್‌ನ ಕಾರ್ಖಾನೆಗೆ ಪೋಲೆಂಡಿನಲ್ಲಿ ಯಾಕೆ ಅಕೌಂಟು? ಲ್ಯಾಪ್‌ಟಾಪ್ ತೆಗೆದು ಕಳಿಸಿದವರ ವಿಳಾಸ ಪೂರ್ತಿ ನೋಡಿದೆ. ಮೊಬೈಲ್‌ನಲ್ಲಿ ಬರೀ ಹೆಸರು ಕಾಣಿಸಿತ್ತು. ಕಂಪನಿ ಹೆಸರಿನ ನಡುವೆ ಎಂ ಅಕ್ಷರ ಇರುವಲ್ಲಿ ಸಣ್ಣ ಆರ್, ಸಣ್ಣ ಎನ್ ಒತ್ತಿಕೊಂಡು ಕೂತಿದ್ದವು. ಕಣ್ಣು ಹತ್ತಿರ ತಂದರೂ ಎಂ ಅಂತಲೇ ಕಾಣುತ್ತದೆ. ಅಕ್ಷರದ ಅಳತೆ ದೊಡ್ಡದು ಮಾಡಿದ ಮೇಲೆ ಎರಡರ ನಡುವೆ ಕೂದಲೆಳೆಯಷ್ಟು ಬಿರುಕು ಕಂಡಿತು.

ಕೈ ತಣ್ಣಗಾಯಿತು. ಮೊದಲ ದಿನದಿಂದ ಮಾತಾಡುತ್ತಿದ್ದ ನಂಬರಿಗೇ ವಿಡಿಯೋ ಕಾಲ್ ಮಾಡಿದೆ. ಹೊಸ ಮೇಲ್‌ನಲ್ಲಿದ್ದ ನಂಬರಿಗಲ್ಲ. ಹುಡುಗಿ ಮುಖ ನೋಡಿಯೇ ಗೊತ್ತಾಯಿತು, ಅವಳಿಗೆ ಏನೂ ತಿಳಿದಿಲ್ಲ. "ನೋ ಚೇಂಜ್, ನೋ ಚೇಂಜ್" ಅಂತ ಎರಡು ಕೈಯನ್ನೂ ಅಲ್ಲಾಡಿಸಿದಳು. ಅವರ ಮೇಲ್ ಪೆಟ್ಟಿಗೆಗೆ ಯಾರೋ ನುಗ್ಗಿ ವಾರಗಟ್ಟಲೆ ಓದುತ್ತಾ ಕೂತಿದ್ದಾರೆ. ದುಡ್ಡು ಹೋಗುವ ದಿನಕ್ಕಾಗಿ ಕಾಯುತ್ತಿದ್ದರು.

ಆ 4,900 ಹೋಗಿದ್ದರೆ ಕಾರ್ಖಾನೆಯವರು ನಮಗೆ ಬಂದಿಲ್ಲ ಅನ್ನುತ್ತಿದ್ದರು, ಅದು ನಿಜವೂ ಹೌದು. ಹಾಗೇನಾದರೂ ಆದರೆ ಒಂದು ಗಂಟೆಯೂ ಕಾಯಬೇಡಿ. ಬ್ಯಾಂಕಿಗೆ ಹೋಗಿ ಹಣ ವಾಪಸ್ ಕರೆಸಲು ಸ್ವಿಫ್ಟ್ ಸಂದೇಶ ಕಳಿಸಲು ಹೇಳಿ, 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಡಿ. ಆ ಕಡೆ ಅಕೌಂಟ್‌ನಿಂದ ತೆಗೆದುಬಿಟ್ಟರೆ ವಾಪಸ್ ಬರುವುದು ಬಹಳ ಕಷ್ಟ. ನಾನು ಅವತ್ತೇ ಕಾರ್ಖಾನೆಯ ಅಕೌಂಟ್ ನಂಬರ್, ಸ್ವಿಫ್ಟ್ ಕೋಡ್ ಎರಡನ್ನೂ ಕಾಗದದಲ್ಲಿ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿದೆ. ಪ್ರತಿ ಸಲ ಕಳಿಸುವ ಮುಂಚೆ ಹುಡುಗಿ ವಿಡಿಯೋದಲ್ಲಿ ಕೊನೆಯ ಆರು ಅಂಕಿ ಓದಬೇಕು, ನಾನು ಕಾಗದ ನೋಡಿ ಹೂಂ ಅನ್ನಬೇಕು. ಆಮೇಲೇ ಬ್ಯಾಂಕ್.

ಮಾಲು ಎಫ್.ಓ.ಬಿ. ನಿಂಗ್ಬೋ ಅಂತ ಮಾತಾಗಿತ್ತು. ನಿಂಗ್ಬೋ ಬಂದರಿನಲ್ಲಿ ಹಡಗು ಹತ್ತಿಸುವವರೆಗೆ ಅವರ ಖರ್ಚು, ಆಮೇಲೆ ನಮ್ಮದು. ಮಾಲು ಸಾಗಿಸುವ ವ್ಯವಸ್ಥೆ ಮಾಡುವ ಏಜೆಂಟ್, ಫಾರ್ವರ್ಡರ್ ಅಂತಾರೆ, ಅವರನ್ನು ನಾವೇ ಗೊತ್ತು ಮಾಡಿಕೊಂಡಿದ್ದೆವು. ಅದರಿಂದ ಪೆಟ್ಟಿಗೆ ಅವರ ಗೋದಾಮಿಗೆ ಬಂದ ದಿನವೇ ತೂಕ, ಫೋಟೋ ಸಮೇತ ನಮಗೆ ಸುದ್ದಿ ಬಂತು. ಕಾರ್ಖಾನೆಯ ಮಾತು ಮಾತ್ರ ನಂಬಿ ಕೂರಬೇಕಾಗಲಿಲ್ಲ. ಮಂಗಳೂರು ನಮಗೆ ಹತ್ತಿರ, ಆದರೆ ಆ ಮಳೆಗಾಲದಲ್ಲಿ ಚಾರ್ಮಾಡಿ, ಶಿರಾಡಿ ಘಾಟಿ ನಂಬುವ ಹಾಗಿರಲಿಲ್ಲ. ಚೆನ್ನೈಗೆ ತರಿಸಿದೆವು. ಬಿ.ಎಲ್. ಕಾಪಿ ಬಂದಾಗ ಅದರಲ್ಲಿದ್ದ ವಿವರವನ್ನು ಫಾರ್ವರ್ಡರ್ ಹತ್ತಿರ ತಾಳೆ ನೋಡಿ ಕೊನೆಯ 1,960 ಕಳಿಸಿದೆ. ಅದು ಮುಟ್ಟಿದ ಮೇಲೆ ಕಾರ್ಖಾನೆಯವರು ಟೆಲೆಕ್ಸ್ ರಿಲೀಸ್ ಕೊಟ್ಟರು, ಅಂದರೆ ಒರಿಜಿನಲ್ ಬಿ.ಎಲ್. ಇಲ್ಲದೆಯೇ ಮಾಲು ಬಿಡಲು ಒಪ್ಪಿಗೆ, ಒರಿಜಿನಲ್ ಕಾಗದ ಕೊರಿಯರ್‌ನಲ್ಲಿ ಬರಲಿ ಅಂತ ಕಾಯಬೇಕಾಗಲಿಲ್ಲ. ಡ್ಯೂಟಿಗೆ ಬೇರೆ ದುಡ್ಡು ಎತ್ತಿಟ್ಟುಕೊಳ್ಳಿ. ನಮ್ಮ ಮಿಷನ್‌ಗೆ 7.5 ಪರ್ಸೆಂಟ್ ಡ್ಯೂಟಿ, ಆ ಡ್ಯೂಟಿಯ ಮೇಲೆ 10 ಪರ್ಸೆಂಟ್ ಸರ್‌ಚಾರ್ಜ್, ಎಲ್ಲ ಕೂಡಿದ್ದರ ಮೇಲೆ 18 ಪರ್ಸೆಂಟ್ ಐಜಿಎಸ್‌ಟಿ. ನೂರು ರೂಪಾಯಿಗೆ ಹೆಚ್ಚುಕಡಿಮೆ 27 ರೂಪಾಯಿ 74 ಪೈಸೆ. ಐಜಿಎಸ್‌ಟಿ ಮುಂದೆ ನಾವು ಕಟ್ಟುವ ಜಿಎಸ್‌ಟಿಯಲ್ಲಿ ಕ್ರೆಡಿಟ್ ಸಿಗುತ್ತದೆ, ಆದರೆ ಬಂದರಿನಲ್ಲಿ ಕಟ್ಟಲೇಬೇಕು.

ಮಿಷನ್ ಬಂದ ಖುಷಿಯಲ್ಲಿ ಒಂದು ಕೆಲಸ ಮರೆಯುತ್ತಾರೆ. ಮಾಲು ಬಂದಾಗ ಕಸ್ಟಮ್ಸ್‌ಗೆ ಸಲ್ಲಿಸುವ ಬಿಲ್ ಆಫ್ ಎಂಟ್ರಿ ಅನ್ನುವ ಕಾಗದವನ್ನು ಬ್ಯಾಂಕಿಗೆ ಕೊಟ್ಟು, ಕಳಿಸಿದ ಮೂರೂ ಕಂತನ್ನು ಅದರ ಜೊತೆ ಹೊಂದಿಸಬೇಕು. ಆಮದಿಗೆ ಹೋದ ದುಡ್ಡಿನ ಲೆಕ್ಕ ಇಡುವ ರಿಸರ್ವ್ ಬ್ಯಾಂಕಿನ ಐಡಿಪಿಎಂಎಸ್ ಅನ್ನುವ ವ್ಯವಸ್ಥೆ 2016ರಿಂದ ಇದೆ. ದುಡ್ಡು ಹೋಗಿದೆ, ಮಾಲು ಬಂದಿದ್ದಕ್ಕೆ ಪುರಾವೆ ಇಲ್ಲ ಅಂತ ಅದರಲ್ಲಿ ಬಾಕಿ ಉಳಿದರೆ ಮುಂದಿನ ಸಲ ಕಳಿಸಲು ಹೋದಾಗ ಅಡ್ಡ ಬರುತ್ತದೆ. ಕಂತಿನಲ್ಲಿ ಒಂದು ಬೇರೆಯವರ ಹೆಸರಿಗೆ ಹೋಗಿದ್ದರಂತೂ ಹೊಂದಿಸುವುದೇ ಕಷ್ಟ. ಸಕಲೇಶಪುರದ ಹುಡುಗನಿಗೆ ಇದನ್ನು ಎರಡು ಸಲ ಹೇಳಿದೆ.

ಅವನು ನಿನ್ನೆ ಫೋನ್ ಮಾಡಿದ್ದ. ಕಂಪನಿ ಅಕೌಂಟ್‌ಗೇ ಕಳಿಸುತ್ತೇನೆ, ಲೈಸೆನ್ಸ್ ಕೊಡಿ ಅಂತ ಕೇಳಿದ ಮೇಲೆ ಆ ಕಡೆಯವರು ಉತ್ತರ ಕೊಡುವುದನ್ನೇ ನಿಲ್ಲಿಸಿದ್ದಾರಂತೆ. ಈಗ ಬೇರೆ ಎರಡು ಕಾರ್ಖಾನೆಯ ಪಿ.ಐ. ತರಿಸಿದ್ದಾನೆ. ಭಾನುವಾರ ಎರಡನ್ನೂ ಪ್ರಿಂಟ್ ಹಾಕಿಸಿಕೊಂಡು ಬಾ ಅಂದಿದ್ದೇನೆ.